ಹಲಾಲ್ ಫಲಕದ ಕೆಳಗೆ ಕಪ್ಪಾದ ಎಣ್ಣೆ

ಕಳೆದ ತಿಂಗಳು ಒಂದು ಭಾನುವಾರದ ಸಂಜೆ ನಮ್ಮ ಮನೆಯವರೆಲ್ಲ ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಹೋಟೆಲಿಗೆ ಹೋಗಿದ್ದೆವು. ಅಮ್ಮಿ, ನನ್ನ ಪತ್ನಿ, ಭದ್ರಾವತಿಯಿಂದ ಬಂದಿದ್ದ ಆಪಾ, ಅವರ ಕಿರಿಯ ಮಗಳು ಮತ್ತು ನಾನು. ಗಲ್ಲಾದ ಮೇಲೆ ತಿನಿಸುಗಳ ಚಿತ್ರಗಳು ಬೆಳಗುವ, ಮೊದಲು ಹಣ ಕೊಟ್ಟು ಚೀಟಿ ಪಡೆದು ತಟ್ಟೆಯನ್ನು ನಾವೇ ಎತ್ತಿಕೊಂಡು ಬರಬೇಕಾದ ಬಗೆಯ ಹೋಟೆಲದು. ಅಲ್ಲಿ ಹೆಸರಾದ ತಿನಿಸು ಖಾರದ ಕರಿದ ಕೋಳಿಯ ಸ್ಯಾಂಡ್‌ವಿಚ್. ಅಮೆರಿಕದವರು ಇಟ್ಟ ಈ ಹೆಸರು ನಮ್ಮ ಊರುಗಳಲ್ಲಿ ಬಳಕೆಗೆ ಬಂದಿಲ್ಲ. ದುಂಡನೆಯ ಬನ್ನಿನಲ್ಲಿ ಏನಿಟ್ಟರೂ ಇಲ್ಲಿ ಅದು ಬರ್ಗರ್.

ಮೂರು ಬಗೆಯದನ್ನು ತರಿಸಿ ಹಂಚಿಕೊಂಡೆವು. ಮೊದಲನೆಯದರಲ್ಲಿ ಕೆಂಪು ಮೆಣಸಿನ ಸಾಸು, ಎರಡನೆಯದರಲ್ಲಿ ಹುಳಿಖಾರದ ಪೆರಿ ಪೆರಿ ಪುಡಿ, ಮೂರನೆಯದರಲ್ಲಿ ಹಸಿಮೆಣಸು ಅರೆದು ಬೆರೆಸಿದ ಮೇಯನೀಸ್. ಸತ್ಯವನ್ನು ಮುಚ್ಚಿಡಬೇಕಾಗಿಲ್ಲ, ಮೊದಲನೆಯದು ನಿಜಕ್ಕೂ ರುಚಿಯಾಗಿತ್ತು. ಹೊರಗಿನ ಹಿಟ್ಟು ಗರಿಗರಿಯಾಗಿಯೂ ಒಳಗಿನ ತೊಡೆಮಾಂಸ ಮೆತ್ತಗೆ ರಸವತ್ತಾಗಿಯೂ ಇತ್ತು. ಮಜ್ಜಿಗೆ ಮತ್ತು ಉಪ್ಪಿನಲ್ಲಿ ಕೆಲವು ಗಂಟೆ ನೆನೆಸಿದ ಕೋಳಿಗೆ ಮಾತ್ರ ಆ ಮೃದುತ್ವ ಬರುತ್ತದೆ. ಎರಡನೆಯದರಲ್ಲಿ ಉಪ್ಪು ಮುಂದಾಗಿ ಕೋಳಿಯ ರುಚಿ ಹಿಂದೆ ಬಿದ್ದಿತ್ತು. ಮೂರನೆಯದನ್ನು ಕಚ್ಚಿದೊಡನೆ ಬಾಯಲ್ಲಿ ಒಂದು ಕಮಟು ಉಳಿಯಿತು. ಅಮ್ಮಿ ಒಂದು ತುತ್ತು ತಿಂದು, "ಎಣ್ಣೆ ಹಳೆಯದು" ಎಂದರು. ಐವತ್ತು ವರ್ಷ ಒಲೆಯ ಮುಂದೆ ನಿಂತವರ ನಾಲಿಗೆಗೆ ಪ್ರಯೋಗಾಲಯ ಬೇಕಿಲ್ಲ.

ತಂಪುಪಾನೀಯವೂ ಆಲೂಗಡ್ಡೆಯ ಫ್ರೈಯೂ ಸೇರಿ ಒಬ್ಬೊಬ್ಬರಿಗೆ 249 ರೂಪಾಯಿ. ತೆರಿಗೆಯೊಂದಿಗೆ ಐವರ ಬಿಲ್ಲು 1,307 ರೂಪಾಯಿಯಾಯಿತು. ಹಣ ಕೊಡುವಾಗ ನಾನು ಗಲ್ಲಾದ ಹುಡುಗನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಹಲಾಲ್ ಅಲ್ಲವೇ?" ಆತ ಗೋಡೆಯ ಮೇಲಿನ ಹಸಿರು ಫಲಕವನ್ನು ತೋರಿಸಿದ. ನನ್ನ ಧಾರ್ಮಿಕ ಕರ್ತವ್ಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಪಾ ಮಾತ್ರ ಹೆಚ್ಚೇನೂ ತಿನ್ನಲಿಲ್ಲ. ಅವರ ಹಿರಿಯ ಮಗ, ಹತ್ತೊಂಬತ್ತರ ಹುಡುಗ, ಬೇರೊಂದು ಊರಿನಲ್ಲಿ ಇಂಥದೇ ಒಂದು ಹೋಟೆಲಿನ ಕರಿಯುವ ಬಾಣಲೆಯ ಮುಂದೆ ಕೆಲಸಕ್ಕಿದ್ದಾನೆ. ಅವನ ತಂದೆ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರಾಗಿದ್ದವರು. 1930ರ ದಶಕದಲ್ಲಿ ಮೈಸೂರು ಅರಸರ ಕಾಲದಲ್ಲಿ ಆರಂಭವಾಗಿ ಮೂರು ತಲೆಮಾರುಗಳಿಗೆ ಅನ್ನವಿತ್ತ ಆ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಮನೆಯ ಆದಾಯ ನಿಂತಾಗ ಮಗನ ಓದು ಪಿಯುಸಿಗೆ ನಿಂತಿತು. ಮೂರು ತಿಂಗಳ ಹಿಂದೆ ಕುದಿಯುವ ಎಣ್ಣೆ ಸಿಡಿದು ಅವನ ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಎಂಟು ದಿನ ಮನೆಯಲ್ಲಿ ಮಲಗಿದ. ಎಂಟು ದಿನದ ಸಂಬಳವನ್ನು ಮಾಲೀಕರು ಮುರಿದುಕೊಂಡರು. ಔಷಧಿಯ ಖರ್ಚನ್ನು ಆಪಾ ಕಿವಿಯ ಓಲೆಯನ್ನು ಒತ್ತೆಯಿಟ್ಟು ಭರಿಸಿದರು. ಆ ಹೋಟೆಲಿನ ಗೋಡೆಯ ಮೇಲೂ ಹಸಿರು ಫಲಕವಿದೆ. ಮಾಲೀಕರು ನಮ್ಮದೇ ಸಮುದಾಯದವರು. ರಮಝಾನಿನಲ್ಲಿ ಮಸೀದಿಯ ಇಫ್ತಾರಿಗೆ ಕೈತುಂಬ ಕೊಡುವವರು.

ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ನಾನು ಅವರನ್ನು ಕಾಣಲು ಹೋದೆ. ಅವರು ಚಹಾ ತರಿಸಿದರು, ಗೌರವದಿಂದಲೇ ಮಾತನಾಡಿದರು. ಕೊನೆಗೆ ಹೇಳಿದ್ದು ಇಷ್ಟು: "ನಾನು ಜನರಿಗೆ ಹಲಾಲ್ ತಿನ್ನಿಸುತ್ತಿದ್ದೇನೆ. ಇದಕ್ಕಿಂತ ಹೆಚ್ಚಿನದನ್ನು ನನ್ನಿಂದ ಏಕೆ ಕೇಳುತ್ತೀರಿ?"

ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಲೇಖನ.

ಮದ್ರಸಾದಲ್ಲಿ ನಮಗೆ ಫಿಕ್ಹ್ ಕಲಿಸುವಾಗ ಝಬೀಹಾದ ಅಧ್ಯಾಯಕ್ಕೆ ಹಲವು ದಿನಗಳು ಹಿಡಿದಿದ್ದವು. ಅಲ್ಲಾಹನ ನಾಮವನ್ನು ಉಚ್ಚರಿಸಬೇಕು, ಕತ್ತಿ ಹರಿತವಾಗಿರಬೇಕು, ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಕೊಯ್ಯುವ ಮುನ್ನ ಅದನ್ನು ಹೆದರಿಸಬಾರದು, ಹಿಂಸಿಸಬಾರದು. ಒಂದು ಕೋಳಿಯ ಕೊನೆಯ ಕ್ಷಣದ ನೋವಿನ ಬಗ್ಗೆ ಇಷ್ಟು ಯೋಚಿಸಿದ ಶರೀಅತ್ ಅದೇ ಕೋಳಿಯನ್ನು ಕರಿಯುವ ಹುಡುಗನ ಕೈಯ ಬಗ್ಗೆ ಯೋಚಿಸಲಿಲ್ಲವೇ? ಯೋಚಿಸಿದೆ. ಇಜಾರಾ, ಅಂದರೆ ಕೂಲಿ ಮತ್ತು ಬಾಡಿಗೆಯ ಅಧ್ಯಾಯ ಬೇರೆ ಗ್ರಂಥದಲ್ಲಿರಲಿಲ್ಲ. ಅದೇ ಗ್ರಂಥದಲ್ಲಿ, ಅದೇ ಉಸ್ತಾದರ ಬಾಯಿಂದ ನಾವು ಅದನ್ನೂ ಓದಿದೆವು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ(ಸ) ಆದೇಶಿಸಿದ್ದು ಯಾವ ವಿದ್ವಾಂಸರಿಗೂ ತಿಳಿಯದ ವಿಷಯವಲ್ಲ. ಆದರೆ ಮೊದಲ ಅಧ್ಯಾಯ ಫಲಕವಾಗಿ ಗೋಡೆಯೇರಿತು, ಎರಡನೆಯದು ಕಪಾಟಿನಲ್ಲೇ ಉಳಿಯಿತು.

ಕುರ್‌ಆನ್ ಆಹಾರದ ಬಗ್ಗೆ ಮಾತನಾಡುವಾಗ ಹಲಾಲ್ ಎಂಬ ಪದದ ಬೆನ್ನಿಗೇ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೆ ಹಿತವಾದದ್ದು. ನಾವು ಮೊದಲ ಪದವನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆತೆವು. ಮಾಂಸದ ಮೇಲೆ ಅಲ್ಲಾಹನ ನಾಮವಿದೆಯೇ ಎಂದು ಕೇಳುತ್ತೇವೆ. ಅದು ಬೆಂದ ಎಣ್ಣೆ ಯಾವ ದಿನದ್ದು ಎಂದು ಕೇಳುವುದಿಲ್ಲ.

ಎಣ್ಣೆಯ ವಿಷಯವನ್ನೇ ತೆಗೆದುಕೊಳ್ಳೋಣ. ಒಮ್ಮೆ ಕಾಯಿಸಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಒಡೆಯುತ್ತದೆ. ಬಣ್ಣ ಕಪ್ಪಾಗುತ್ತದೆ, ಅಂಟಾಗುತ್ತದೆ, ಬೇಗನೆ ಹೊಗೆಯಾಡುತ್ತದೆ, ಮೇಲೆ ನೊರೆ ನಿಲ್ಲುತ್ತದೆ. ಹಾಗೆ ಒಡೆದ ಅಂಶವು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶಾದ್ಯಂತ ಜಾರಿಯಲ್ಲಿದೆ. ಇದನ್ನು ಅಳೆಯುವ ಕೈಯಳತೆಯ ಉಪಕರಣವೂ ಇದೆ. ಬಳಸಿ ಬಿಟ್ಟ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಸುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಆರಂಭಿಸಿತು. ನನ್ನ ಸೋದರಳಿಯ ಹೇಳುವ ಪ್ರಕಾರ ಅವನ ಹೋಟೆಲಿನಲ್ಲಿ ಎಣ್ಣೆ ಬದಲಾಗುವುದು ವಾರಕ್ಕೊಮ್ಮೆ; ನಡುವೆ ಕಡಿಮೆಯಾದಷ್ಟು ಹೊಸತನ್ನು ಹಳೆಯದಕ್ಕೇ ಸುರಿಯುತ್ತಾರೆ. ಖಾರದ ಸಾಸು ಇದ್ದರೆ ಕಮಟು ಗೊತ್ತಾಗುವುದಿಲ್ಲ ಎಂಬುದು ಅಲ್ಲಿನ ಹಿರಿಯ ಬಾಣಸಿಗ ಅವನಿಗೆ ಕಲಿಸಿದ ಮೊದಲ ಪಾಠ.

ಖಾರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೆಣಸಿನ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಬಿಸಿಯನ್ನು ಗುರುತಿಸುವ ನಮ್ಮ ನರಗಳನ್ನೇ ಅದು ಕೆರಳಿಸುವುದರಿಂದ ಬಾಯಿ ಸುಟ್ಟಂತಾಗುತ್ತದೆ. ಈ ಸಂವೇದನೆಯ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಮೊಸರುಗಳು ಅದನ್ನು ತಣಿಸುತ್ತವೆ. ಬಿರಿಯಾನಿಯ ಪಕ್ಕದಲ್ಲಿ ಮೊಸರುಬಜ್ಜಿ ಇಟ್ಟ ನಮ್ಮ ಅಜ್ಜಿಯರು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹೊಸ ಹೋಟೆಲುಗಳು ಖಾರದ ಪಕ್ಕದಲ್ಲಿ ಇಡುವುದು ಸಕ್ಕರೆಯ ತಂಪುಪಾನೀಯವನ್ನು. ಅರ್ಧ ಲೀಟರಿನ ಕೋಲಾದಲ್ಲಿ 50 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉರಿ ಹತ್ತಿಸುವವನೂ ಅವನೇ, ನೀರು ಮಾರುವವನೂ ಅವನೇ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನಮ್ಮ ಮೊಹಲ್ಲಾಗಳಲ್ಲಿ ಮಾತ್ರೆಯ ಡಬ್ಬಿ ಇಲ್ಲದ ಮನೆ ಎಷ್ಟಿವೆ ಎಂದು ಓದುಗರೇ ಎಣಿಸಿಕೊಳ್ಳಲಿ.

ಇಷ್ಟು ಓದಿದ ಕೆಲವರು ಸಂತೋಷಪಡುತ್ತಿರಬಹುದು. "ನಾವು ಹೇಳುತ್ತಿದ್ದುದೂ ಇದನ್ನೇ, ಪಾಶ್ಚಾತ್ಯರ ತಿಂಡಿ ನಮ್ಮನ್ನು ಹಾಳುಮಾಡಿತು, ಹೆಂಗಸರು ಹೋಟೆಲುಗಳಲ್ಲಿ ಕೂರುವಂತಾಯಿತು" ಎನ್ನಬಹುದು. ಇತ್ತೀಚೆಗೆ ಒಂದು ಜುಮಾ ಭಾಷಣದಲ್ಲಿ ನಾನು ಇದನ್ನೇ ಕೇಳಿದೆ. ಭಾಷಣಕಾರರು ಇಪ್ಪತ್ತು ನಿಮಿಷ ಹೋಟೆಲುಗಳ ಬಗ್ಗೆ ಮಾತನಾಡಿದರು. ಎಣ್ಣೆಯ ಬಗ್ಗೆ ಒಂದು ಮಾತಿಲ್ಲ, ಕೂಲಿಯ ಬಗ್ಗೆ ಒಂದು ಮಾತಿಲ್ಲ. ಇಪ್ಪತ್ತು ನಿಮಿಷವೂ ಸ್ತ್ರೀಯರು ಅಲ್ಲಿ ಕೂರುವುದರ ಬಗ್ಗೆಯೇ.

ಅಂಥವರೊಡನೆ ನನಗೆ ಯಾವ ಸಹಮತವೂ ಇಲ್ಲ. ಆ ಭಾನುವಾರ ಅಮ್ಮಿ ಹೋಟೆಲಿನ ಕುರ್ಚಿಯಲ್ಲಿ ಕುಳಿತು, ತಾವು ಮಾಡದ ಅಡುಗೆಯನ್ನು ತಾವು ತೊಳೆಯಬೇಕಿಲ್ಲದ ತಟ್ಟೆಯಲ್ಲಿ ತಿಂದರು. ಒಂದು ತುತ್ತು ತಿಂದರೂ ಒಂದು ಗಂಟೆ ನಗುತ್ತ ಮಾತನಾಡಿದರು. ಮನೆಯೂಟವೇ ಶ್ರೇಷ್ಠ ಎಂದು ಉಪದೇಶಿಸುವ ಪುರುಷರಲ್ಲಿ ಮನೆಯೂಟವನ್ನು ಬೇಯಿಸುವವರು ಎಷ್ಟು ಮಂದಿ? ಗಂಡಸರಿಗೆ ಚಹಾದಂಗಡಿಯಿದೆ, ಮಾರುಕಟ್ಟೆಯಿದೆ, ಮಸೀದಿಯ ಜಗಲಿಯಿದೆ. ಪಟ್ಟಣದ ಮುಸ್ಲಿಮ್ ಮಹಿಳೆಗೆ ಮದುವೆ ಮಂಟಪ ಮತ್ತು ಆಸ್ಪತ್ರೆಯ ಹೊರತು ಕೂರಲು ಎಲ್ಲಿ ಸ್ಥಳವಿದೆ? ಆ ಕುರ್ಚಿಯನ್ನು ಕಸಿದುಕೊಳ್ಳುವುದು ಸುಧಾರಣೆಯಲ್ಲ. ಆ ಕುರ್ಚಿಯ ಮುಂದೆ ಬರುವ ತಟ್ಟೆಯನ್ನು ಶುದ್ಧಗೊಳಿಸುವುದು ಸುಧಾರಣೆ.

ಪಾಶ್ಚಾತ್ಯ ಎಂಬ ಬೈಗುಳವೂ ಇಲ್ಲಿ ನಿಲ್ಲುವುದಿಲ್ಲ. ನಾವು ನಮ್ಮದೆಂದು ಹೆಮ್ಮೆಪಡುವ ಮೆಣಸಿನಕಾಯಿಯೇ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬ್ಯಾಡಗಿಗೆ ಬಂದ ಮೇಲೆ ಅದು ಬ್ಯಾಡಗಿಯದಾಯಿತು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಖಾರದ ಕರಿದ ಕೋಳಿಯನ್ನು ಅಮೆರಿಕದಲ್ಲಿ ಪ್ರಸಿದ್ಧಗೊಳಿಸಿದವರು ನ್ಯಾಶ್‌ವಿಲ್ ನಗರದ ಕಪ್ಪು ಜನಾಂಗದವರು. ಊರವರು ಬೇರೆಯಾಗಿಟ್ಟ ಬಡಾವಣೆಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ಅವರು ಅದನ್ನು ಮಾರಿದರು. ದೊಡ್ಡ ಕಂಪನಿಗಳು ಎಚ್ಚರಗೊಂಡದ್ದು ದಶಕಗಳ ನಂತರ. 2019ರ ಆಗಸ್ಟಿನಲ್ಲಿ ಪೊಪೈಸ್ ಕಂಪನಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಕೋಳಿ ಸ್ಯಾಂಡ್‌ವಿಚ್ ಎರಡೇ ವಾರಗಳಲ್ಲಿ ಖಾಲಿಯಾಯಿತು. ನವೆಂಬರಿನಲ್ಲಿ ಅದು ಮರಳಿ ಬಂದಾಗ ಮೇರಿಲ್ಯಾಂಡಿನ ಒಂದು ಮಳಿಗೆಯಲ್ಲಿ ಸರದಿ ತಪ್ಪಿಸಿದ ಜಗಳದಲ್ಲಿ ಒಬ್ಬ ವ್ಯಕ್ತಿ ಇರಿತಕ್ಕೆ ಬಲಿಯಾದ. 2022ರ ಜನವರಿಯಲ್ಲಿ ಅದೇ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನ ಕೋರಮಂಗಲದಲ್ಲಿ ತೆರೆಯಿತು. ಅಲ್ಲಿಂದ ಆ ರುಚಿ ಮಲೆನಾಡಿನ ಬಾಗಿಲಿಗೆ ಬರಲು ತಡವಾಗಲಿಲ್ಲ. ತಿನಿಸುಗಳು ದೇಶ ಸುತ್ತುವುದು ಸಹಜ. ಅವು ಬಂದಾಗ ನಾವು ಕೇಳುವ ಪ್ರಶ್ನೆ ಯಾವುದು ಎಂಬುದು ಮುಖ್ಯ.

ಈ ಜಿಲ್ಲೆಗೆ ಪ್ರಶ್ನೆ ಕೇಳಿ ಗೊತ್ತು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡದ್ದು ಶಿವಮೊಗ್ಗದ ನೆಲದಲ್ಲಿ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮುಂತಾದವರು ಅದನ್ನು ಕಟ್ಟಿದರು. 1995ರ ಜೂನಿನಲ್ಲಿ ಕೆಂಟಕಿ ಫ್ರೈಡ್ ಚಿಕನ್ ಕಂಪನಿ ಬೆಂಗಳೂರಿನಲ್ಲಿ ತನ್ನ ಮೊದಲ ಮಳಿಗೆಯನ್ನು ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಅದನ್ನು ವಿರೋಧಿಸಿದ್ದು ಇದೇ ಸಂಘ. ಅಜಿನೊಮೊಟೊ ಮಿತಿ ಮೀರಿದೆಯೆಂದು ಮಹಾನಗರಪಾಲಿಕೆ ಆ ವರ್ಷ ಪರವಾನಗಿಯನ್ನು ರದ್ದುಪಡಿಸಿತು. ಉಚ್ಚ ನ್ಯಾಯಾಲಯದ ಆದೇಶದಿಂದ ಬಾಗಿಲು ಮತ್ತೆ ತೆರೆಯಿತು. 1996ರ ಜನವರಿ 30ರಂದು ಕಾರ್ಯಕರ್ತರು ಮಳಿಗೆಗೆ ನುಗ್ಗಿ ಧ್ವಂಸಗೊಳಿಸಿದರು. ಗಾಂಧೀಜಿಯವರು ಹುತಾತ್ಮರಾದ ದಿನದಂದು ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೋಳಿಗೆ ಏನು ತಿನ್ನಿಸುತ್ತೀರಿ, ಮಾಂಸಕ್ಕೆ ಏನು ಬೆರೆಸುತ್ತೀರಿ, ಇದರಿಂದ ನಮ್ಮ ಕೃಷಿಕನ ಗತಿ ಏನು ಎಂಬ ಅವರ ಪ್ರಶ್ನೆಗಳು ಗಾಜಿನೊಂದಿಗೆ ಒಡೆದುಹೋಗಲಿಲ್ಲ. ಕೋಳಿ ಬೇಗ ಬೆಳೆಯಲೆಂದು ಕೊಡುತ್ತಿದ್ದ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು. ಕೊನೆಯ ಗಳಿಗೆಯ ರೋಗಿಗಳಿಗೆಂದು ವೈದ್ಯರು ಕಾದಿಟ್ಟುಕೊಳ್ಳುವ ಔಷಧಿಯದು.

ರೈತರು ಗಾಜು ಒಡೆದಾದರೂ ಪ್ರಶ್ನೆ ಕೇಳಿದರು. ನಾವು ಗಾಜನ್ನೂ ಒಡೆಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ.

ದೊಡ್ಡ ಕಂಪನಿಗಳನ್ನು ಮಾತ್ರ ದೂರುವುದೂ ಪ್ರಾಮಾಣಿಕತೆಯಲ್ಲ. ನಮ್ಮ ಬೀದಿಯ ಕಬಾಬ್ ಗಾಡಿಯ ಕೆಂಪು ಎಲ್ಲಿಂದ ಬರುತ್ತಿತ್ತು? ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2024ರಲ್ಲಿ ಕಬಾಬಿನ 39 ಮಾದರಿಗಳನ್ನು ಪರೀಕ್ಷಿಸಿದಾಗ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಮುಂತಾದ ಕೃತಕ ಬಣ್ಣಗಳು ಸಿಕ್ಕಿ ಅವು ಅಸುರಕ್ಷಿತವೆಂದು ತೀರ್ಮಾನವಾಯಿತು. ಆ ಜೂನಿನಲ್ಲಿ ಸರಕಾರ ಕೋಳಿ, ಮೀನು ಮತ್ತು ತರಕಾರಿ ಕಬಾಬುಗಳಿಗೆ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬ್ಯಾಡಗಿ ಮೆಣಸು ಬೆಳೆಯುವ ನಾಡಿನಲ್ಲಿ ಕೆಂಪಿಗಾಗಿ ರಾಸಾಯನಿಕದ ಮೊರೆ ಹೋದದ್ದಕ್ಕೆ ಉಳಿತಾಯದ ದುರಾಸೆಯ ಹೊರತು ಬೇರೆ ಕಾರಣವೇನಿದೆ?

ಈಗ ಅತ್ಯಂತ ಗಂಭೀರವಾದ ಆಕ್ಷೇಪಕ್ಕೆ ಬರೋಣ. "2022ರಲ್ಲಿ ನಮ್ಮ ಮೇಲೆ ನಡೆದದ್ದನ್ನು ಮರೆತಿರಾ? ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸವನ್ನು ಬಹಿಷ್ಕರಿಸಿ ಎಂದು ಅಭಿಯಾನ ನಡೆಯಿತು. ಮಾರ್ಚ್ ಕೊನೆಯಲ್ಲಿ ಇದೇ ಭದ್ರಾವತಿಯಲ್ಲಿ ಹಲಾಲ್ ವಿಷಯ ತೆಗೆದು ಮಾಂಸದಂಗಡಿಯವನೊಬ್ಬನ ಮೇಲೆ ಹಲ್ಲೆ ನಡೆಯಿತು, ಪೊಲೀಸರು ಬಂಧನಗಳನ್ನೂ ಮಾಡಬೇಕಾಯಿತು. ಹೊರಗಿನವರು ಹೊಡೆಯುತ್ತಿರುವಾಗ ಒಳಗಿನವರೂ ಬೆರಳು ತೋರಿಸಬೇಕೇ?"

ಮರೆತಿಲ್ಲ. ಆ ದಿನಗಳಲ್ಲಿ ನಾವು ನಮ್ಮ ವ್ಯಾಪಾರಿಗಳ ಪರವಾಗಿ ನಿಂತೆವು, ಇನ್ನು ಮುಂದೆಯೂ ನಿಲ್ಲುತ್ತೇವೆ. ತನ್ನ ಇಷ್ಟದ ಆಹಾರವನ್ನು ಮಾರುವ, ತಿನ್ನುವ ಹಕ್ಕು ಸಂವಿಧಾನ ಪ್ರತಿ ನಾಗರಿಕನಿಗೂ ಕೊಟ್ಟದ್ದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಯಾವ ಪದಕ್ಕಾಗಿ ನಮ್ಮ ಬಡ ವ್ಯಾಪಾರಿ ಏಟು ತಿಂದನೋ ಅದೇ ಪದವನ್ನು ಹಳಸಿದ ಎಣ್ಣೆಗೆ ಮುಚ್ಚಳವಾಗಿ ಬಳಸುವವನು ಆ ಏಟಿಗೆ ಅಗೌರವ ತೋರುತ್ತಿದ್ದಾನೆ. ಬಹಿಷ್ಕಾರದ ಕರೆಯನ್ನು ಕಡೆಗಣಿಸಿ ನಮ್ಮ ಅಂಗಡಿಗಳಿಗೆ ಬಂದ ಹಿಂದೂ ನೆರೆಹೊರೆಯವರು ಇದ್ದರು, ಇಂದಿಗೂ ಬರುತ್ತಿದ್ದಾರೆ. ಅವರು ಫಲಕವನ್ನು ನೋಡಿ ಬಂದವರಲ್ಲ, ನಂಬಿಕೆಯಿಂದ ಬಂದವರು. ಅವರ ಮಕ್ಕಳ ಹೊಟ್ಟೆಗೆ ಕಪ್ಪು ಎಣ್ಣೆಯನ್ನು ಕಳುಹಿಸುವುದು ಯಾವ ದೀನಿನ ಸೇವೆ?

ಆದ್ದರಿಂದ ನಮ್ಮ ಜಮಾಅತ್ ಸಮಿತಿಗಳಲ್ಲಿ ಮತ್ತು ಮೊಹಲ್ಲಾದ ಹಿರಿಯರಲ್ಲಿ ಕೆಲವು ಮಾತುಗಳನ್ನು ಬಿನ್ನವಿಸುತ್ತೇನೆ. ಮಸೀದಿಯ ಸಮಾರಂಭಕ್ಕೆ ಹೋಟೆಲಿನವರಿಂದ ದೇಣಿಗೆ ಪಡೆಯುವ ಮುನ್ನ ಅವರ ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ. ಎಣ್ಣೆ ಬದಲಾಯಿಸಿದ ದಿನವನ್ನು ಬರೆದಿಡುವ ಪುಸ್ತಕವಿದೆಯೇ ಎಂದು ನೋಡಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲಿಗೆ ಇಎಸ್‌ಐ ಅನ್ವಯವಾಗುತ್ತದೆ. ಹುಡುಗರ ಹೆಸರು ಅದರಲ್ಲಿ ದಾಖಲಾಗಿದೆಯೇ ಎಂದು ಕೇಳಿ. ದಾಖಲಾಗಿದ್ದರೆ ಆಪಾ ತಮ್ಮ ಓಲೆಯನ್ನು ಒತ್ತೆಯಿಡಬೇಕಾಗಿರಲಿಲ್ಲ. ಆಹಾರ ಪರವಾನಗಿಯ 14 ಅಂಕಿಗಳ ಸಂಖ್ಯೆ ಬಿಲ್ಲಿನ ಮೇಲೆ ಇರಲೇಬೇಕೆಂಬ ನಿಯಮ 2022ರಿಂದ ಇದೆ. ಆ ಸಂಖ್ಯೆ ಇಲ್ಲದ ಬಿಲ್ಲನ್ನು ಯಾವ ಗ್ರಾಹಕನೂ ಸುಮ್ಮನೆ ಮಡಿಸಿ ಜೇಬಿಗಿಡಬಾರದು.

ಮನೆಯವರೂ ಯೋಚಿಸಬೇಕಾದ ವಿಷಯವಿದೆ. ಐವರಿಗೆ ಐದು ಜೋಡಿ ತಿನಿಸು ಬೇಕಾಗಿರಲಿಲ್ಲ, ಮೂರು ಸಾಕಾಗಿತ್ತು. ಅಂದು ನಮ್ಮ ಮೇಜಿನಲ್ಲಿ ಉಳಿದ ಬನ್ನು, ಆಲೂಗಡ್ಡೆ, ಅರ್ಧ ಕುಡಿದ ಲೋಟಗಳು ಕಸದ ಡಬ್ಬಿಗೆ ಹೋದವು. ಕಟ್ಟಿಸಿಕೊಂಡು ಬರಲು ನಮಗೆ ಸಂಕೋಚವಾಯಿತು. ಇಸ್ರಾಫ್ ಬಗ್ಗೆ ಇತರರಿಗೆ ಬರೆದು ತಿಳಿಸುವ ನಾನು ಆ ಡಬ್ಬಿಯ ಮುಚ್ಚಳವನ್ನು ನನ್ನ ಕೈಯಿಂದಲೇ ತೆರೆದೆ. ಸೋದರಳಿಯನ ಕೈ ಸುಟ್ಟು ಎರಡು ತಿಂಗಳು ಕಳೆದ ಮೇಲೂ ಗಲ್ಲಾದ ಮುಂದೆ ನನಗೆ ನೆನಪಾದದ್ದು ಒಂದೇ ಪ್ರಶ್ನೆ. ಈ ಲೇಖನದ ಮೊದಲ ಆರೋಪಿ ನಾನೇ.

ಆ ಮಾಲೀಕರು ಮುರಿದುಕೊಂಡ ಸಂಬಳವನ್ನು ಇನ್ನೂ ಕೊಟ್ಟಿಲ್ಲ. ಹುಡುಗ ಅಲ್ಲಿಯೇ ಕೆಲಸದಲ್ಲಿದ್ದಾನೆ, ಏಕೆಂದರೆ ಬೇರೆ ಕೆಲಸವಿಲ್ಲ. ಮುಂದಿನ ಸಲ ಇಂಥ ಹೋಟೆಲಿನಲ್ಲಿ ಖಾರದ ಕೋಳಿಯನ್ನು ತಿನ್ನಲು ಹೋಗುವ ಪ್ರತಿ ಕುಟುಂಬದಲ್ಲಿ ನನ್ನ ವಿನಂತಿ ಇಷ್ಟೇ. ಹೋಗಿ, ಸ್ತ್ರೀಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ, ಸಂತೋಷದಿಂದ ಕುಳಿತು ತಿನ್ನಿ. ಹಲಾಲ್ ಅಲ್ಲವೇ ಎಂದು ಕೇಳಿದ ಮೇಲೆ ಗಲ್ಲಾದಿಂದ ಕದಲದೆ ಇನ್ನೆರಡು ಪ್ರಶ್ನೆಗಳನ್ನು ಕೇಳಿ: ಈ ಎಣ್ಣೆ ಯಾವ ದಿನದ್ದು? ಒಳಗೆ ಕರಿಯುತ್ತಿರುವ ಹುಡುಗನಿಗೆ ಕಳೆದ ತಿಂಗಳ ಸಂಬಳ ಪೂರ್ತಿ ಸಿಕ್ಕಿದೆಯೇ? ಉತ್ತರ ಕೊಡಲು ಹಿಂಜರಿಯದ ಹೋಟೆಲಿಗೆ ಮತ್ತೆ ಮತ್ತೆ ಹೋಗಿ, ನಾಲ್ಕು ಜನರಿಗೆ ಅದರ ಹೆಸರು ಹೇಳಿ. ಉತ್ತರಕ್ಕೆ ಬದಲಾಗಿ ಗೋಡೆಯ ಫಲಕವನ್ನು ತೋರಿಸಿದರೆ ಎದ್ದು ಬನ್ನಿ.